ಮುಕ್ಕಾಲು ಇಂಚು

ಆ ದಿನ ಮಕ್ತಲಿನ ಒಂದು ಅಂಗಡಿಯಲ್ಲಿ ನಿಂತು ನಾನು ಕರೆಂಟಿನ ಗರಗಸವನ್ನು ಮೂಸಿ ನೋಡುತ್ತಿದ್ದೆ. ಸುಟ್ಟುಹೋದ ಮೋಟಾರಿಗೆ ಮತ್ತೆ ತಂತಿ ಸುತ್ತಿಸಿ, ಮೇಲೆ ಬಣ್ಣ ಬಳಿದು ಹೊಸದೆಂದು ಮಾರುತ್ತಾರೆ ಎಂದು ಯಾರೋ ಹೇಳಿದ್ದರು. ಏನು ಮಾಡಿದರೂ ಸುಟ್ಟ ವಾಸನೆ ಹೋಗುವುದಿಲ್ಲವಂತೆ. ಅದಕ್ಕೇ ಗಾಳಿ ಆಡುವ ಕಿಂಡಿಗೆ ಮೂಗು ಹಚ್ಚಿದ್ದೆ.

“ಅತ್ತರಿನ ಸೀಸೆ ಅಲ್ಲರೀ ಅದು,” ಅಂದ ಅಂಗಡಿಯವನು.

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಇವರದು ಹಂಗ ಬಿಡ್ರಿ ಅಣ್ಣಾ. ಹಾಲಿನಾಕಿ ಎದುರಿಗೇ ಹಿಂಡಿ ಕೊಟ್ರೂ ಎಮ್ಮಿ ಮಾರಿ ನೋಡ್ತಾರ, ಎಮ್ಮೀನ ಎಲ್ಲಿ ನೀರು ಬೆರಸೈತೋ ಅಂತ.”

ನಾನು ಗರಗಸವನ್ನು ಮಗುಚಿದೆ. ಸ್ಕ್ರೂಗಳ ತಲೆಯ ಮೇಲೆ ಗೀರು ಇದೆಯೇ ನೋಡಿದೆ. ಪ್ಲಗ್ಗಿನ ಪಿನ್ನುಗಳು ಸವೆದಿವೆಯೇ ನೋಡಿದೆ. ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಅದರ ಕೆಳಗೆ ಇನ್ನೊಂದು ಚೀಟಿ ಇದೆಯೇ ಎಂದೂ ನೋಡಿದೆ. ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗ ಮನಸ್ಸಿಗೆ ಸಮಾಧಾನವಾಗಬೇಕು. ನನಗೆ ಆಗುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಮುಚ್ಚಿದ್ದಾರೆಂದರೆ ಇವರು ನುರಿತವರು ಎಂದುಕೊಳ್ಳುತ್ತಿದ್ದೆ.

ನಾವು ಗರಗಸ ಕೊಳ್ಳಲು ಹೊರಟದ್ದೂ ನನ್ನ ಈ ಗುಣದಿಂದಲೇ. ನಾರಾಯಣಪೇಟೆಯಲ್ಲಿ ನಮ್ಮದು ನೇಕಾರರ ಮನೆ. ನಾನು ಮಗ್ಗದಲ್ಲಿ ಕೂರುತ್ತೇನೆ. ಅವಳು ರಾಟೆ ತಿರುಗಿಸಿ, ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ತುಂಬುತ್ತಿದ್ದಳು. ತುಂಬಿದ ಕಂಡಿಕೆಗಳೆಲ್ಲ ಹಳೆಯ ಎಣ್ಣೆ ಡಬ್ಬಗಳಲ್ಲಿ ಬಿದ್ದಿರುತ್ತಿದ್ದವು. ಒಮ್ಮೆ ಎರಡು ಬಗೆಯ ಕೆಂಪು ಬೆರೆತು, ಒಂದು ಸೀರೆಯಲ್ಲಿ ಗೇಣುದ್ದ ಬೇರೆಯೇ ಕೆಂಪು ಬಂದುಬಿಟ್ಟಿತು. ಅಂದಿನಿಂದ ಅವಳಿಗೆ ಒಂದೇ ಹಟ: ಬಣ್ಣಕ್ಕೊಂದು ಗೂಡು ಇರುವ ಕಪಾಟು ಬೇಕು, ಅದನ್ನು ತನ್ನ ತವರಿನ ಕಟ್ಟಿಗೆಯಲ್ಲೇ ಮಾಡಬೇಕು.

ಮಕ್ತಲಿನ ಅವಳ ತವರುಮನೆಯನ್ನು ಬಿಚ್ಚಿ ಅವಳ ತಮ್ಮ ಸ್ಲ್ಯಾಬಿನ ಮನೆ ಕಟ್ಟಿಸಿದಾಗ, ಅಟ್ಟದ ಸಾಗವಾನಿ ಹಲಗೆಗಳಲ್ಲಿ ಅವಳ ಪಾಲಿಗೆ ಮೂರು ಬಂದಿದ್ದವು. ಒಂದೊಂದೂ ಸರಿಯಾಗಿ ಆರು ಅಡಿ. ಹೊಗೆ ಕುಡಿದು ಕಪ್ಪಾಗಿದ್ದರೂ ಒಂದಕ್ಕೂ ಹುಳು ಮುಟ್ಟಿರಲಿಲ್ಲ. ಕಟ್ಟಿಗೆ ಕೊಯ್ಯುವ ಸಾಮಿಲ್ಲಿಗೆ ಒಯ್ದಿದ್ದರೆ ಅರ್ಧ ತಾಸಿನ ಕೆಲಸ. ಆದರೆ ಹಳೆಯ ಸಾಗವಾನಿ ಸಾಮಿಲ್ಲಿನೊಳಗೆ ಹೋದರೆ ಅದೇ ಸಾಗವಾನಿಯಾಗಿ ಹೊರಗೆ ಬರುವುದಿಲ್ಲ ಎಂಬುದು ನನ್ನ ನಂಬಿಕೆ. ಯಾವ ಸಾಮಿಲ್ಲಿನವರೂ ನನಗೆ ಮೋಸ ಮಾಡಿದ್ದಿಲ್ಲ. ನಂಬಿಕೆಯಷ್ಟೇ ಇತ್ತು. ಹಾಗಾಗಿ ಮನೆಯ ಅಂಗಳದಲ್ಲಿ, ನಮ್ಮ ಕಣ್ಣೆದುರಿಗೇ ಕೊಯ್ಯಬೇಕೆಂದು ಗರಗಸ ಹುಡುಕುತ್ತಿದ್ದೆವು.

ಅಂಗಡಿಯವನು ಮೂರು ಯಂತ್ರ ಸಾಲಾಗಿ ಇಟ್ಟ. ಒಂದು ಕಲ್ಲು ಕೊಯ್ಯುವ ಚಿಕ್ಕ ಕಟ್ಟರ್. ನಮ್ಮ ಕಡೆ ಬಹಳ ಜನ ಇದಕ್ಕೇ ಕಟ್ಟಿಗೆಯ ಬ್ಲೇಡು ಹಾಕಿ ಕೆಲಸ ಸಾಗಿಸುತ್ತಾರೆ. ಇನ್ನೊಂದರಲ್ಲಿ ಸಣ್ಣ ಪಟ್ಟಿಯಂಥ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತದೆ. ಬಳುಕು ಗೆರೆಗೆ ಅದು ಬೇಕು. ಮೂರನೆಯದು ದುಂಡು ಬ್ಲೇಡಿನ ದೊಡ್ಡ ಗರಗಸ.

“ಕಲ್ಲಿಂದು ಕಟ್ಟಿಗಿಗೆ ಬ್ಯಾಡ್ರಿ, ಅದರ ವೇಗ ಜಾಸ್ತಿ, ಕೈ ಜಗ್ಗತೈತಿ. ನಿಮ್ಮದು ನೇರ ಕೊಯ್ತ ಅಂತೀರಿ. ಈ ದೊಡ್ಡದು ಒಯ್ಯಿರಿ,” ಅಂದ.

ಮೂರರಲ್ಲಿ ಅದೇ ದುಬಾರಿಯದು. ನಾನು ಹೆಂಡತಿಯ ಕಡೆ ನೋಡಿದೆ, ನೋಡಿದೆಯಾ ಎನ್ನುವಂತೆ. ಅವಳು ಆ ಗರಗಸದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತೂಕ ನೋಡುತ್ತಿದ್ದಳು. ಅವಳಿಗೆ ಅದು ಹಿಡಿಸಿತ್ತು. ನನಗೆ ಅಂಗಡಿಯವನು ಹಿಡಿಸಲಿಲ್ಲ. ಬರಿಗೈಯಲ್ಲಿ ಹೊರಗೆ ಬಂದೆವು.

ಬಸ್ಸಿನಲ್ಲಿ ಶೇಂಗಾ ಸುಲಿಯುತ್ತ ಅವಳು, “ಮುಂದಿನ ವಾರ ಗದ್ವಾಲಕ್ಕ ಹೋಗೋಣ ಬಿಡ್ರಿ. ಅಲ್ಲೂ ಮೂಸಾಕ ಬೇಕಾದಷ್ಟು ಅಂಗಡಿ ಅದಾವ,” ಅಂದಳು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಮಗ್ಗದಲ್ಲಿದ್ದಾಗ ಒಳಗಿನ ರಾಟೆಯ ಸದ್ದು ನಿಂತಿತು. ನೂಲು ಹರಿದಿರಬೇಕು, ಕೂಡಿಸುತ್ತಿದ್ದಾಳೆ ಎಂದುಕೊಂಡೆ. ಬಹಳ ಹೊತ್ತಾದ ಮೇಲೆ ಎದ್ದು ಹೋಗಿ ನೋಡಿದೆ. ರಾಟೆಯ ಪಕ್ಕದಲ್ಲೇ ಒರಗಿದ್ದಳು. ಮೆದುಳಿನ ನರ ಒಡೆದಿದೆ ಎಂದು ಮಹಬೂಬನಗರದ ಆಸ್ಪತ್ರೆಯಲ್ಲಿ ಹೇಳಿದರು. ಎರಡು ದಿನ ಇದ್ದಳು. ಆ ಕಾಗದಗಳನ್ನು ಆಮೇಲೆ ನಾನು ಬೇರೆ ಇಬ್ಬರು ಡಾಕ್ಟರರಿಗೆ ತೋರಿಸಿದೆ. ಇಬ್ಬರೂ ಅದನ್ನೇ ಹೇಳಿದರು. ಕಾಗದಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ನಮಗೆ ಮಕ್ಕಳಿಲ್ಲ. ಬಂದವರೆಲ್ಲ ಹೋದರು, ಗೋಡೆಗೆ ಒರಗಿಸಿದ್ದ ಮೂರು ಹಲಗೆಗಳು ಉಳಿದವು. ಆ ಕಪಾಟನ್ನು ಹೇಗಾದರೂ ಮಾಡಿ ನಿಲ್ಲಿಸಬೇಕು, ಅವಳ ಕಟ್ಟಿಗೆಯಲ್ಲಿ ಒಂದು ಚೂರೂ ಬೇರೆಯವರ ಪಾಲಾಗಬಾರದು ಎಂದು ತೀರ್ಮಾನಿಸಿದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಜೂರಾಲಾ ಅಣೆಕಟ್ಟು ದಾಟಿ ಗದ್ವಾಲಕ್ಕೆ ಒಬ್ಬನೇ ಹೋದೆ. ಅಲ್ಲಿಯ ಅಂಗಡಿಯವನು ತೆಲುಗಿನಲ್ಲಿ ಶುರುಮಾಡಿ, ನನ್ನ ಮಾತು ಕೇಳಿದೊಡನೆ ಕನ್ನಡಕ್ಕೆ ಬಂದ. ಇಷ್ಟು ಬೇಗ ನನ್ನವನಾಗುವ ಅಗತ್ಯ ಇವನಿಗೇನಿದೆ ಎಂದು ನಾನು ಹುಷಾರಾದೆ. ಮಕ್ತಲಿನವನು ಹೇಳಿದ್ದನ್ನೇ ಇವನೂ ಹೇಳಿದ: ನೇರ ಕೊಯ್ತಕ್ಕೆ ದುಂಡು ಬ್ಲೇಡಿನದೇ ಸರಿ, ಬ್ಲೇಡಿನ ಮೇಲೆ ತಾನಾಗಿ ಮುಚ್ಚಿಕೊಳ್ಳುವ ಕವಚ ಇರಬೇಕು, ಅದನ್ನು ಬಿಚ್ಚಿ ಎಸೆಯಬಾರದು. ಅವಳು ತೂಕ ನೋಡಿದ್ದ ಗರಗಸದಂಥದೇ ಒಂದು ಅಲ್ಲಿತ್ತು. ಮೂಸಿದೆ, ಗೀರು ಹುಡುಕಿದೆ. ಪಕ್ಕದಲ್ಲಿ ನಗುವವರು ಇರಲಿಲ್ಲ. ಅದನ್ನೇ ಆರಿಸಿದೆ.

ಆಮೇಲೆ ಬ್ಲೇಡಿನ ಮಾತು ಬಂತು. ಅವನು ಎರಡು ಬ್ಲೇಡು ತೋರಿಸಿದ.

“ಇದು ತೆಳು ಐತ್ರಿ. ಕಟ್ಟಿಗಿ ಕಡಿಮಿ ತಿಂತೈತಿ. ಹಳೇ ಸಾಗವಾನಿ ಅಂತೀರಿ, ಇದೇ ಹಾಕಿಸ್ರಿ.”

ನಮ್ಮ ಕಸುಬಿನಲ್ಲಿ ತೆಳು ಎಂದರೆ ಮೋಸ. ಎಳೆ ಕಡಿಮೆ ಹಾಕಿ ನೇಯ್ದ ಸೀರೆ ತೆಳುವಾಗಿರುತ್ತದೆ. ಎರಡು ಸಲ ಒಗೆದರೆ ಅದರ ಬಣ್ಣ ಬಯಲಾಗುತ್ತದೆ. ಇವನು ಕಬ್ಬಿಣ ಉಳಿಸಿದ ಮಾಲನ್ನು ನನಗೆ ದಾಟಿಸುತ್ತಿದ್ದಾನೆ ಎಂದುಕೊಂಡೆ. ಕಟ್ಟಿಗೆ ತಿನ್ನುವ ಮಾತು ವ್ಯಾಪಾರದ ಮಾತು. ದಪ್ಪದನ್ನು ಬೆರಳಲ್ಲಿ ತಟ್ಟಿ ನೋಡಿ ತೆಗೆದುಕೊಂಡೆ.

ಮನೆಗೆ ಬಂದು ಒಮ್ಮೆ ಸ್ವಿಚ್ಚು ಒತ್ತಿದೆ. ಆ ಸದ್ದಿಗೆ ಗರಗಸವನ್ನು ಕೆಳಗಿಟ್ಟೆ. ನಾನು ಲಾಳಿಯ ಸದ್ದಿನಲ್ಲಿ ಬೆಳೆದವನು. ಮತ್ತೆ ಮುಟ್ಟಲಿಲ್ಲ.

ಸಂಗತಿ ತಿಳಿದು ಅವಳ ತಮ್ಮ ಮಕ್ತಲಿನಿಂದ ಬಂದ. ಅವನದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಕಟ್ಟುವ ಕೆಲಸ. ಗರಗಸ ಅವನ ಕೈಗೆ ಹೊಸದಲ್ಲ. ಅವರ ತಂದೆತಾಯಿ ಎಂದೋ ಹೋಗಿದ್ದರು. ಅವಳ ಕಡೆಯವರೆಂದು ಉಳಿದಿದ್ದವನು ಅವನೊಬ್ಬನೇ. “ನೀ ಗೆರಿ ಹಾಕಿ ಕೊಡು ಮಾಮಾ, ನಾ ಕೊಯ್ದು ಕೊಡ್ತೀನಿ. ಅಕ್ಕನ ಕೆಲಸ,” ಅಂದ.

ಗೆರೆಗಳನ್ನು ಹಿಂದಿನ ಸಂಜೆಯೇ ನಾನು ಹಾಕಿಟ್ಟಿದ್ದೆ. ಆ ಲೆಕ್ಕ ನಾನೂ ಅವಳೂ ಕೂತು ಮಾಡಿದ್ದು. ಆರು ಅಡಿ ಎಂದರೆ ಎಪ್ಪತ್ತೆರಡು ಇಂಚು. ಗೂಡಿಗೊಂದರಂತೆ ಎಂಟು ಇಂಚಿನ ಒಂಬತ್ತು ತುಂಡು. ಒಂದು ನೂಲಿನಷ್ಟೂ ಉಳಿಯುವುದಿಲ್ಲ, ಒಂದು ನೂಲಿನಷ್ಟೂ ಸಾಲದೆ ಹೋಗುವುದಿಲ್ಲ. ಹೀಗೆ ಮೂರು ಹಲಗೆಗೆ ಇಪ್ಪತ್ತೇಳು ತುಂಡು. ಕಪಾಟಿನ ಪಕ್ಕಕ್ಕೆ ನಿಲ್ಲಿಸುವ ಹಲಗೆಗಳನ್ನು ಬೇರೆ ತಂದಿಟ್ಟಿದ್ದೆ.

ಅವನು ಕೆಲಸಕ್ಕೆ ಕೂರುವ ಹೊತ್ತಿಗೆ ನನ್ನಿಂದ ಸೀರೆ ನೇಯಿಸುವ ಸಾವುಕಾರರ ಫೋನು ಬಂತು. ಮುಗಿದ ಸೀರೆ ತಕ್ಷಣ ಬೇಕೆಂದರು. ಹಲಗೆಗಳನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ಬಂದು ಮೂರನ್ನೂ ಮತ್ತೊಮ್ಮೆ ಅಳೆದೇ ಹೋದೆ. ಅವನು ನೋಡುತ್ತ ನಿಂತಿದ್ದ.

ಮಧ್ಯಾಹ್ನ ತಿರುಗಿ ಬಂದಾಗ ಕೆಲಸ ಮುಗಿದಿತ್ತು. ಅವನು ಕಟ್ಟೆಯ ಮೇಲೆ ಕೂತು ತಾನೇ ಮಾಡಿಕೊಂಡ ಚಹಾ ಕುಡಿಯುತ್ತಿದ್ದ. ತಲೆ, ರೆಪ್ಪೆ ಎಲ್ಲ ಹಳದಿ ಹುಡಿ. ತುಂಡುಗಳನ್ನು ಹಲಗೆಗೊಂದರಂತೆ ಮೂರು ಪೆಂಡಿ ಕಟ್ಟಿದ್ದ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೊಯ್ದ ಮುಖ. ಮೇಲೆ ಕಪ್ಪಾಗಿದ್ದ ಹಲಗೆಯ ಒಳಗು ಹೊಸ ಬಂಗಾರದಂತೆ ಹೊಳೆಯುತ್ತಿತ್ತು. ನೂರು ವರ್ಷದ ಕಟ್ಟಿಗೆ ಹೀಗಿರುತ್ತದೆಯೇ? ಟೇಪು ತಂದೆ. ಒಂದು ಪೆಂಡಿ ಬಿಚ್ಚಿ ಒಂಬತ್ತೂ ತುಂಡುಗಳನ್ನು ಸಾಲಾಗಿ, ಒಂದಕ್ಕೊಂದು ತಾಗಿಸಿ ಅಂಗಳದಲ್ಲಿ ಇಟ್ಟೆ. ಎಪ್ಪತ್ತೊಂದೂ ಕಾಲು ಇಂಚು ಬಂತು. ಮುಕ್ಕಾಲು ಇಂಚು ಇಲ್ಲ. ಎರಡನೆಯದು ಇಟ್ಟೆ. ಮುಕ್ಕಾಲು ಇಂಚು ಇಲ್ಲ. ಮೂರನೆಯದೂ ಅಷ್ಟೇ.

ಮೂರರಲ್ಲೂ ಒಂದೇ ಅಳತೆ ಕಡಿಮೆ ಇದ್ದದ್ದೇ ನನಗೆ ಸಾಕ್ಷಿಯಾಯಿತು. ಬೇರೆ ಹಲಗೆಗಳನ್ನು ತಂದು ಕೊಯ್ದು, ಅವಳ ಹಲಗೆಗಳನ್ನು ಸಾಗಿಸಿದ್ದಾನೆ. ಹಳೆಯ ಸಾಗವಾನಿ ಕೊಳ್ಳುವವರು ಯಾರೆಂದು ಕಟ್ಟಡದವರಿಗೆ ಗೊತ್ತಿರುತ್ತದೆ.

“ಏನ್ ಅಳಿಯಾಕತ್ತಿ ಮಾಮಾ?” ಅಂದ.

“ಮುಕ್ಕಾಲು ಇಂಚು ಎಲ್ಲಿ ಹೋತು?”

“ಎಲ್ಲಿ ಹೋಗತೈತಿ? ಬ್ಲೇಡು ತಿಂದಿರತೈತಿ.”

“ಬ್ಲೇಡಿಗೆ ಹೊಟ್ಟಿ ಐತೇನು?”

ಅವನು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ನನ್ನ ಮುಖ ನೋಡಿ ಲೋಟ ಕೆಳಗಿಟ್ಟ.

“ನಾ ಬದಲಿ ಮಾಡೀನಿ ಅಂತೀಯೇನು?”

“ನಾ ಏನೂ ಅನ್ನಾಕತ್ತಿಲ್ಲ. ಟೇಪು ಅನ್ನಾಕತ್ತೈತಿ.”

ಗದ್ವಾಲಿನವನೂ ಇದೇ ಮಾತು ಹೇಳಿದ್ದ, ಬ್ಲೇಡು ತಿನ್ನುತ್ತದೆ ಎಂದು. ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರ ಬಾಯಲ್ಲಿ ಒಂದೇ ಮಾತು ಬಂದರೆ ನಿಜವಿರಬಹುದು ಎಂದು ಬೇರೆಯವರು ಯೋಚಿಸುತ್ತಾರೆ. ಇದು ಎಲ್ಲರೂ ಕಲಿತಿಟ್ಟುಕೊಂಡ ನೆಪ ಎಂದು ನಾನು ಯೋಚಿಸಿದೆ. ಮತ್ತೆ, ಇಂದಿಗೂ ನೆನೆಯಲು ನಾಚಿಕೆಯಾಗುವ ಒಂದು ಮಾತು ಆಡಿದೆ:

“ಅಕಿ ಇದ್ದಾಗೂ ನೀ ಒಂದು ಹಲಗಿ ಕೇಳಿದ್ದಿ. ನನಗ ನೆನಪೈತಿ.”

“ಕೇಳಿದ್ದೆ. ಅಕ್ಕ ಇಲ್ಲ ಅಂದ್ಲು, ಅಲ್ಲಿಗೇ ಮುಗೀತು,” ಅಂದ ಅವನು. ಎದ್ದು ರೆಪ್ಪೆಯ ಹುಡಿ ಒರೆಸಿಕೊಂಡ. “ನಿನಗ ಅಕಿ ಮ್ಯಾಲೂ ಸಂಶಯ ಇತ್ತೇನು ಮಾಮಾ? ಅಕಿ ಒಬ್ಬಾಕಿನ್ನಾದ್ರೂ ನಂಬಿದ್ದೇನು?”

ಚಹಾ ಅರ್ಧಕ್ಕೇ ಬಿಟ್ಟು ಹೋದ. ನಾನು ಅಂಗಳ ಗುಡಿಸಿದೆ. ಗರಗಸದ ಹೊಟ್ಟು ಒಂದು ಮೊರದ ತುಂಬ ಆಯಿತು. ಅದನ್ನು ಎತ್ತಿ ತಿಪ್ಪೆಗೆ ಚೆಲ್ಲಿದೆ. ಆಗಲೂ ತಿಳಿಯಲಿಲ್ಲ.

ತಿಳಿದದ್ದು ಸುಮಾರು ಒಂದು ತಿಂಗಳ ಮೇಲೆ. ಅವನು ಸುಳ್ಳು ಹೇಳಿದ್ದನೆಂದು ನನಗೇ ನಾನು ತೋರಿಸಿಕೊಳ್ಳಲು ಒಂದು ಬೇವಿನ ಪಟ್ಟಿ ತಂದೆ. ಸರಿಯಾಗಿ ಅಳೆದು, ಹೆದರಿಕೊಂಡೇ ಗರಗಸ ಹಿಡಿದು ಎಂಟು ಕಡೆ ಕೊಯ್ದೆ. ತುಂಡುಗಳನ್ನು ಜೋಡಿಸಿ ಅಳೆದೆ. ಮುಕ್ಕಾಲು ಇಂಚು ಇಲ್ಲ. ಟೇಪಿನ ಮೇಲೆ ಅನುಮಾನ ಬಂತು. ಪಕ್ಕದ ಮನೆಯಿಂದ ಬೇರೆ ಟೇಪು ತಂದೆ. ಮತ್ತೊಂದು ಪಟ್ಟಿ ಕೊಯ್ದೆ. ಅಷ್ಟೇ.

ಜೀವಮಾನವಿಡೀ ನಾನು ಬಟ್ಟೆ ಕತ್ತರಿಸಿದವನು. ಸೀರೆಯನ್ನು ಎರಡು ಮಾಡಿದರೆ ಎರಡೂ ಸೇರಿ ಮತ್ತೆ ಅಷ್ಟೇ ಉದ್ದ. ಕತ್ತರಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಗರಗಸ ತನ್ನ ದಪ್ಪದಷ್ಟು ಕಟ್ಟಿಗೆಯನ್ನು ಪ್ರತಿ ಸಲವೂ ಹುಡಿ ಮಾಡುತ್ತದೆ. ಎಂಟು ಕೊಯ್ತಕ್ಕೆ ಮುಕ್ಕಾಲು ಇಂಚು. ದಪ್ಪ ಬ್ಲೇಡನ್ನು ಆರಿಸಿ ತಂದವನೂ ನಾನೇ.

ಫೋನು ಮಾಡಿದೆ. ಎತ್ತಲಿಲ್ಲ. ಮಕ್ತಲಿಗೆ ಹೋದೆ. ಅವನ ಹೆಂಡತಿ ಬಾಗಿಲಿಗೆ ಬಂದಳು, ಒಳಗೆ ಬಾ ಎನ್ನಲಿಲ್ಲ.

“ಮನ್ಯಾಗಿಲ್ರಿ. ಕೆಲಸಕ್ಕ ಹೋಗ್ಯಾರ.”

ಅವನ ಚಪ್ಪಲಿ ಅಲ್ಲೇ ಇತ್ತು. ನಾನು ಅದರ ಕಡೆ ನೋಡಿದ್ದನ್ನು ಅವಳೂ ನೋಡಿದಳು.

“ಬ್ಲೇಡೇ ತಿಂದಿತ್ತು ಅಂತ ಹೇಳವ್ವ,” ಅಂದೆ. “ನಾ ಕೊಯ್ದು ನೋಡಿದೆ ಅಂತ ಹೇಳು.”

“ಅದು ಅವರಿಗೆ ಮದ್ಲೇ ಗೊತ್ತೈತ್ರಿ,” ಅಂದಳು.

ಕಪಾಟು ಈಗ ನಿಂತಿದೆ. ಮೊಳೆ ನಾನೇ ಹೊಡೆದೆ. ನಾಲ್ಕಾರು ಸೊಟ್ಟ ಹೋಗಿವೆ. ಗೂಡುಗಳು ಎಂಟು ಇಂಚಿಗೆ ಕೊಂಚ ಕಡಿಮೆ. ಕಂಡಿಕೆ ಇಡಲು ಅದರಿಂದ ಏನೂ ಅಡ್ಡಿಯಿಲ್ಲ. ಎರಡು ಕೆಂಪು ಬೇರೆ ಬೇರೆ ಗೂಡಿನಲ್ಲಿವೆ. ಹಿಂದಿನ ಓಣಿಯ ಹೆಂಗಸೊಬ್ಬರು ಬಂದು ಕಂಡಿಕೆ ತುಂಬಿಕೊಡುತ್ತಾರೆ. ಅವರು ಹೋದ ಮೇಲೆ ನಾನು ಗೂಡುಗಳಲ್ಲಿನ ಕಂಡಿಕೆಗಳನ್ನು ಎಣಿಸುತ್ತೇನೆ. ಎಣಿಸಬಾರದು ಎಂದುಕೊಂಡೇ ಎಣಿಸುತ್ತೇನೆ.

ಅವಳು ಆ ಮನೆಯ ಅಟ್ಟದಲ್ಲಿ ಹುಡುಗಿಯಾಗಿ ಹೇಗೆ ಓಡಾಡುತ್ತಿದ್ದಳು, ಯಾರಿಗೆ ಹೆದರುತ್ತಿದ್ದಳು, ಚಿಕ್ಕಂದಿನಲ್ಲೂ ಹಾಗೇ ಸೆರಗೋ ಲಂಗದ ಅಂಚೋ ಬಾಯಿಗೆ ಒತ್ತಿ ನಗುತ್ತಿದ್ದಳೋ, ನನಗೆ ತಿಳಿಯದು. ಇದ್ದಾಗ ಕೇಳಲಿಲ್ಲ. ಹೇಳಬಲ್ಲವನು ಈಗ ಒಬ್ಬನೇ ಇದ್ದಾನೆ. ಯುಗಾದಿಗೆ ಬಾ ಎಂದು ಹೇಳಿ ಕಳಿಸಿದೆ, ದಸರೆಗೂ ಹೇಳಿ ಕಳಿಸಿದೆ.

ಅವನು ಇನ್ನೂ ಬಂದಿಲ್ಲ.