ಸೀಟಿನ ಎತ್ತರ

ಆ ಗಾಡಿಯನ್ನು ಅಣ್ಣ ಯಾಕೆ ಮಾರಲು ಹೊರಟಿದ್ದಾನೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಮಳೆಗಾಲದ ಕೊನೆಯಲ್ಲಿ ಕೆರೆ ಕೋಡಿ ಬಿದ್ದು ರಸ್ತೆಯ ಮೇಲೆ ನೀರು ಹರಿಯುತ್ತಿದ್ದಾಗ, ‘ಎತ್ತರದ ಗಾಡಿ, ಏನೂ ಆಗಲ್ಲ’ ಎಂದು ಅದನ್ನು ನೀರಿಗೆ ಇಳಿಸಿದ್ದ. ಅದು ನಡುವೆ ನಿಂತುಹೋಯಿತು. ಟ್ರ್ಯಾಕ್ಟರ್ ತಂದು ಎಳೆಯುವಷ್ಟರಲ್ಲಿ ಒಳಗೆ ಸೀಟಿನ ಮಟ್ಟಕ್ಕೆ ನೀರು ತುಂಬಿತ್ತು. ತುಮಕೂರಿನಲ್ಲಿ ಎಂಜಿನ್ ಬಿಚ್ಚಿಸಿ ಸರಿಮಾಡಿಸಿದ. ಆಮೇಲೂ ಎರಡು ಸಲ ಕಾರಣವಿಲ್ಲದೆ ದಾರಿಯಲ್ಲಿ ನಿಂತಿತು. ವೈರುಗಳ ಒಳಗೆ ತುಕ್ಕು ಕೂತಿದೆ, ಇದು ಹೀಗೇ ಯಾವಾಗಲಾದರೂ ಕೈಕೊಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದನಂತೆ.

ಜೊತೆಗೆ ವಾಸನೆ. ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಬಾಗಿಲು ತೆಗೆದರೆ ಒದ್ದೆ ನೆಲಮನೆಯ ಮುಗ್ಗಲು ಮುಖಕ್ಕೆ ಹೊಡೆಯುತ್ತಿತ್ತು.

ಉಪಾಯ ಹೇಳಿದ್ದು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಅಣ್ಣನ ಕಥೆಯಾಗಿಬಿಡುತ್ತದೆ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಎಲ್ಲಾದರೂ ಪಾಠ ಹೇಳುವ ಕೆಲಸ ಸಿಗುವವರೆಗೆ ಎಂದು ಮನೆಗೆ ಬಂದಿದ್ದೆ. ನೊಣವಿನಕೆರೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಮೊಬೈಲ್ ಬಂದಿತ್ತು, ಆದರೆ ಸಿಗ್ನಲ್ಲಿಗೆ ಅಟ್ಟ ಹತ್ತಬೇಕಿತ್ತು. ಅಟ್ಟದ ತುಂಬ ಕೊಬ್ಬರಿಗಿಟ್ಟ ಕಾಯಿ. ಅಲ್ಲಿ ಕೂತು ಗೆಳತಿಯರ ಜೊತೆ ಮಾತಾಡಿ ಇಳಿದು ಬಂದ ಒಂದು ಮಧ್ಯಾಹ್ನ, ಅಣ್ಣ ಗಾಡಿಯೊಳಗೆ ಊದುಬತ್ತಿ ಹಚ್ಚಿಡುತ್ತಿದ್ದ.

‘ಊದುಬತ್ತಿ ಹಚ್ಚಿದರೆ ಏನೋ ಮುಚ್ಚಿಡ್ತಿದೀವಿ ಅಂತ ತಾನಾಗೇ ಗೊತ್ತಾಗುತ್ತೆ,’ ಎಂದೆ. ‘ಒಡೆದ ಕೊಬ್ಬರಿ ಒಂದು ಮೂಟೆ ಹಿಂದೆ ಇಡು. ಗಾಜು ಮುಚ್ಚಿ ನಾಲ್ಕು ದಿನ ಬಿಸಿಲಿಗೆ ಬಿಡು. ಕೊಬ್ಬರಿ ಸಾಗಿಸ್ತಿದ್ವಿ ಅಂದರೆ ಈ ಕಡೆ ಯಾರೂ ಮತ್ತೊಂದು ಪ್ರಶ್ನೆ ಕೇಳಲ್ಲ.’

ಅಣ್ಣ ನನ್ನನ್ನೇ ನೋಡಿದ. ‘ನೀನು ಓದಿದ್ದು ಸಾರ್ಥಕ ಆಯ್ತು ಕಣೇ,’ ಎಂದ.

ನನಗೆ ಖುಷಿಯಾಯಿತು. ಅದನ್ನೂ ಬರೆಯಬೇಕು.

ಭಾನುವಾರ ಗಾಡಿ ನೋಡಲು ಬಂದವರು ದಬ್ಬೇಘಟ್ಟದ ಕಡೆಯ ಒಬ್ಬ ಮೇಷ್ಟ್ರು, ಅವರ ಹೆಂಡತಿ ಮತ್ತು ಮಗಳು. ಬಸ್ಸಿನಿಂದ ಇಳಿದು ನಮ್ಮ ಮನೆವರೆಗೆ ನಡೆದೇ ಬಂದರು. ಮಗಳಿಗೆ ನನಗಿಂತ ಎರಡು ಮೂರು ವರ್ಷ ಕಡಿಮೆ ಇರಬಹುದು. ಬಲಗಾಲಿಗೆ ಕ್ಯಾಲಿಪರ್, ಕಬ್ಬಿಣದ ಪಟ್ಟಿಯ ಆಸರೆ, ಹಾಕಿದ್ದಳು. ಚಿಕ್ಕಂದಿನಲ್ಲೇ ಪೋಲಿಯೋ. ಒಂದು ಕೈ ಅಪ್ಪನ ಭುಜದ ಮೇಲೆ, ಇನ್ನೊಂದು ಕೈಯಲ್ಲಿ ಛತ್ರಿ.

ಅಣ್ಣ ಎದುರು ಓಡಿದ. ‘ಹೇಳಬಾರದಾ ಮೇಷ್ಟ್ರೇ, ಸ್ಟಾಪಿಗೇ ಗಾಡಿ ತರ್ತಿದ್ನಲ್ಲ!’

‘ಹೆಣ್ಣು ನೋಡಕ್ಕೆ ಬಂದೋರು ಹೆಣ್ಣಿನ ಕೈಲೇ ಮೂಟೆ ಹೊರಿಸ್ದಂಗೆ ಆಯ್ತದೆ ಕಣಪ್ಪ,’ ಎಂದು ಆ ತಾಯಿ ನಕ್ಕರು. ನಾವೂ ನಕ್ಕೆವು.

ಅವರಿಗೆ ಗಾಡಿ ಯಾಕೆ ಬೇಕಿತ್ತೆಂದರೆ, ಮಗಳು ತಿಪಟೂರಿನಲ್ಲಿ ಓದುತ್ತಿದ್ದಳು. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರ. ಹತ್ತಿಸಲು, ಇಳಿಸಲು ಯಾರಾದರೂ ಬೇಕು, ಕಂಡಕ್ಟರಿಗೆ ಪುರುಸೊತ್ತಿರುವುದಿಲ್ಲ. ಮೇಷ್ಟ್ರ ಶಾಲೆ ದಾರಿಯಲ್ಲೇ ಇದ್ದುದರಿಂದ ತಾವೇ ಬಿಟ್ಟು ಬರಬಹುದೆಂದು ತುರುವೇಕೆರೆಯಲ್ಲಿ ಡ್ರೈವಿಂಗ್ ಕಲಿತಿದ್ದರು. ಎರಡು ಕಾರು ನೋಡಿಯಾಗಿತ್ತಂತೆ. ಎರಡೂ ತಗ್ಗು. ಕೂರಬೇಕಾದರೆ ಮಂಡಿ ಮಡಚಿ ಕೆಳಗಿಳಿಯಬೇಕು, ಕ್ಯಾಲಿಪರ್ ಬಿಡುವುದಿಲ್ಲ. ಜೀಪು ನೋಡಿದರೆ ಬಸ್ಸಿನಷ್ಟೇ ಕಷ್ಟ. ನಮ್ಮದು ಎರಡರ ನಡುವಿನದು, ಕಾರಿನಷ್ಟು ಗಾತ್ರ, ಜೀಪಿಗಿಂತ ತುಸು ತಗ್ಗು. ಆಗ ನಮ್ಮ ಸೀಮೆಯಲ್ಲಿ ಅಂಥವು ಎಲ್ಲೋ ಒಂದೆರಡು.

ಅವ್ವ ಉಪ್ಪಿಟ್ಟು ತಂದಿಟ್ಟಳು. ಮೇಷ್ಟ್ರು ಕೈಮುಗಿದರು. ‘ಮೊದಲು ಗಾಡಿ ನೋಡ್ಬಿಡ್ತೀವಿ ತಾಯಿ. ಉಂಡ ಮನೆಯ ಜಂತೆ ಎಣಿಸಬಾರದು ಅಂತ ದೊಡ್ಡೋರು ಹೇಳವ್ರೆ.’

‘ನಮ್ಮ ಮನೆ ಜಂತೆ ಎಷ್ಟು ಬೇಕಾದ್ರೂ ಎಣಿಸ್ಕಳಿ, ಒಂದೂ ಹುಳ ಹಿಡಿದಿಲ್ಲ,’ ಎಂದು ಅಣ್ಣ ತಟ್ಟೆಯನ್ನು ಅವರ ಕೈಗೇ ಇಟ್ಟ. ಬಂದವರಿಗೆ ಮೊದಲು ಉಣ್ಣಿಸಬೇಕು, ಗಾಡಿ ಆಮೇಲೆ ಎಂದು ಅವನು ಬೆಳಿಗ್ಗೆಯೇ ಅವ್ವನಿಗೆ ಹೇಳಿದ್ದ. ಕಾಫಿ ಲೋಟ ನಾನೇ ಕೊಟ್ಟೆ.

ತಿಂದಾದ ಮೇಲೆ ಮೇಷ್ಟ್ರು ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಒಂದು ಲಾಳದ ಅಯಸ್ಕಾಂತ ತೆಗೆದರು. ಶಾಲೆಯ ವಿಜ್ಞಾನದ ಪೆಟ್ಟಿಗೆಯದು, ಕೆಂಪು ಬಣ್ಣ, ತುದಿ ಸವೆದದ್ದು. ಗಾಡಿಯ ಬಾಗಿಲು, ಬಾನೆಟ್ಟು, ಚಕ್ರದ ಮೇಲಿನ ತಗಡು, ಎಲ್ಲ ಕಡೆ ಅದನ್ನು ಗೇಣಿಗೊಮ್ಮೆ ಇಟ್ಟು ನೋಡಿದರು. ಎಲ್ಲಾದರೂ ಗುದ್ದಿಸಿ ಪುಟ್ಟಿ ಮೆತ್ತಿದ್ದರೆ ಅಲ್ಲಿ ಅದು ಹಿಡಿಯುವುದಿಲ್ಲ.

‘ಮೇಷ್ಟ್ರೇ, ಗಾಡಿಗೂ ಪಾಠ ಮಾಡ್ತಿದೀರಲ್ಲ!’ ಎಂದ ಅಣ್ಣ.

‘ಪಾಠ ಅಲ್ಲಪ್ಪ, ಪರೀಕ್ಷೆ.’

ಎಲ್ಲ ಕಡೆ ಹಿಡಿಯಿತು. ಗಾಡಿ ಎಲ್ಲೂ ಗುದ್ದಿರಲಿಲ್ಲ. ಮೇಷ್ಟ್ರು ಟೈರಿನ ಗೀರುಗಳಲ್ಲಿ ನಾಣ್ಯ ಇಟ್ಟು ಅಳೆದರು. ಆಯಿಲ್ ಕಡ್ಡಿ ಎಳೆದು ಬೆರಳಿನಲ್ಲಿ ತಿಕ್ಕಿ ನೋಡಿದರು. ಎಂಜಿನ್ ಚಾಲು ಮಾಡಿಸಿ ಕಣ್ಣುಮುಚ್ಚಿ ಕೇಳಿದರು. ಕಾಗದಪತ್ರ ನನ್ನ ಕೈಯಲ್ಲಿ ಓದಿಸಿದರು. ಅವರು ಪರೀಕ್ಷಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವರು ಪರೀಕ್ಷಿಸಿದ ಯಾವುದರಲ್ಲೂ ನೀರಿನ ಗುರುತು ಇರಲಿಲ್ಲ.

ನಂತರ ಮಗಳು ಕೂತು ನೋಡಿದಳು. ಹಿಂದಿನ ಬಾಗಿಲು ತೆಗೆದು, ಸೀಟಿಗೆ ಬೆನ್ನು ಮಾಡಿ ನಿಂತಳು. ಸೀಟಿನ ಅಂಚು ಸರಿಯಾಗಿ ಅವಳ ಸೊಂಟದ ಕೆಳಗೆ ಬಂತು. ಒರಗಿದಳು, ಹಿಂದಕ್ಕೆ ಸರಿದಳು, ಎರಡೂ ಕೈಯಲ್ಲಿ ಕ್ಯಾಲಿಪರ್ ಎತ್ತಿ ಒಳಗಿಟ್ಟುಕೊಂಡಳು. ಅಷ್ಟೆ. ಯಾರೂ ಕೈ ಹಿಡಿಯಲಿಲ್ಲ. ಮತ್ತೆ ಇಳಿದು ಇನ್ನೊಮ್ಮೆ ಕೂತಳು. ‘ಅಪ್ಪಾ, ನೋಡು,’ ಎಂದು ಮೂರನೆಯ ಸಲವೂ ಕೂತಳು.

ಅಪ್ಪ ಮುಖ ತಿರುಗಿಸಿ ಅಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತತೊಡಗಿದರು. ಸುತ್ತಲು ಬಹಳ ಹೊತ್ತು ಬೇಕಾಯಿತು.

ಅವಳು ಒಳಗಿನಿಂದಲೇ ನನ್ನನ್ನು ಕರೆದಳು. ‘ಏನ್ರೀ, ಇದು ದಾರೀಲಿ ನಿಲ್ಲುತ್ತಾ? ನಮ್ಮ ನಾಲೆ ರಸ್ತೇಲಿ ಎರಡು ಮೈಲಿ ಒಂದು ಮನೆ ಇಲ್ಲ. ನಿಂತರೆ ಎಲ್ಲರೂ ನಡ್ಕೊಂಡು ಹೋಗ್ತಾರೆ, ನಾನು ಅಲ್ಲೇ.’ ನಗುತ್ತಲೇ ಕೇಳಿದಳು.

ನಾನು ಹೇಳಿದೆ: ‘ನಾನು ಕೂತಾಗ ಒಂದ್ಸಲವೂ ನಿಂತಿಲ್ಲ.’

ಈ ವಾಕ್ಯದಲ್ಲಿ ಸುಳ್ಳಿಲ್ಲ. ನಾನು ಆ ಗಾಡಿಯಲ್ಲಿ ಕೂತಿದ್ದು ಎರಡೇ ಸಲ, ಹಾಸ್ಟೆಲಿನಿಂದ ರಜೆಗೆ ಬಂದಾಗ. ಅಳತೆ ತಪ್ಪದಂತೆ ಮಾತಾಡುವುದು ನನಗೆ ಕಾಲೇಜು ಕಲಿಸಿದ್ದ ಗುಣ ಎಂದುಕೊಂಡಿದ್ದೆ. ಆ ದಿನ ಅದು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ, ಯೋಚಿಸಲು ಸಮಯವೇ ಹಿಡಿಯಲಿಲ್ಲ.

ಅಷ್ಟರಲ್ಲಿ ಅವಳ ತಾಯಿ ಇನ್ನೊಂದು ಬಾಗಿಲಿನಿಂದ ತಲೆ ಒಳಗೆ ಹಾಕಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು.

‘ಕೊಬ್ಬರಿ ಸಾಗಿಸ್ತಿದ್ವಿ ಕಣಕ್ಕ. ಅದಕ್ಕೇ ಸ್ವಲ್ಪ ಘಾಟು,’ ಎಂದ ಅಣ್ಣ.

‘ಹೂಂ ಕಣಪ್ಪ, ಕೊಬ್ಬರಿ ವಾಸ್ನೆ ಐತೆ.’ ಬಗ್ಗಿ ಕಾಲಿಡುವ ಕಡೆಯ ಹಾಸಿನ ಮೇಲೆ ಅಂಗೈ ಒತ್ತಿ ಇಟ್ಟರು. ಕೈಯನ್ನು ಮೂಗಿನ ಹತ್ತಿರ ತಂದರು. ಸೆರಗಿಗೆ ಒರೆಸಿಕೊಂಡರು. ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವ ಹೆಂಗಸರ ಮುಖ ನನಗೆ ಚೆನ್ನಾಗಿ ಗೊತ್ತು. ಅದೇ ಮುಖ.

‘ಕೈ ತೊಳೀಬೇಕಿತ್ತು ಕಣವ್ವ,’ ಎಂದರು ನನಗೆ.

ಹಿತ್ತಲಿಗೆ ಕರೆದೊಯ್ದೆ. ನಾನು ಚೊಂಬಿನಿಂದ ನೀರು ಹಾಕಿದೆ, ಅವರು ನಿಧಾನವಾಗಿ ಕೈ ತೊಳೆದರು.

‘ಮಗಾ, ನಮ್ಮನೇಲೂ ವರ್ಸಕ್ಕೆ ಎರಡು ಸಲ ಅಟ್ಟ ತುಂಬ್ತದೆ. ಕೊಬ್ಬರಿ ಕೆಟ್ರೆ ಕಮಟು ಬತ್ತದೆ. ಇದ್ರಲ್ಲಿ ಕೊಬ್ಬರಿ ಕೆಳಗೆ ಇನ್ನೊಂದೈತೆ, ನೆಲದ ಮುಗ್ಗಲು.’ ನನ್ನ ಮುಖ ನೋಡಲಿಲ್ಲ. ನೀರು ಹರಿದುಹೋಗುತ್ತಿದ್ದ ಬಾಳೆಬುಡ ನೋಡುತ್ತಿದ್ದರು. ‘ನಿಮ್ಮಣ್ಣುನ್ನ ನಾನು ಕೇಳಕಿಲ್ಲ. ವ್ಯಾಪಾರದೋರು ವ್ಯಾಪಾರದ ಮಾತಾಡ್ತಾರೆ. ನೀನೂ ಹೆಣ್ಮಗಳು. ಒಂದೇ ಮಾತು ಹೇಳು. ತಗಳನಾ, ಬುಡನಾ?’

ಒಂದೇ ಮಾತು. ‘ಬೇಡ’ ಎಂದರೆ ಸಾಕಿತ್ತು. ಕಾರಣ ಕೇಳುವವರೂ ಅಲ್ಲ.

‘ನನಗೆ ಗಾಡಿ ವಿಷಯ ಅಷ್ಟು ತಿಳಿಯಲ್ಲ ಅಮ್ಮ. ಅಣ್ಣನ್ನೇ ಕೇಳಿ,’ ಎಂದೆ.

ಅವರು ತಲೆಯಾಡಿಸಿದರು. ‘ಆಯ್ತು ಬುಡವ್ವ,’ ಎಂದು ಚೊಂಬನ್ನು ನನ್ನ ಕೈಯಿಂದ ತಗೊಂಡು ತಾವೇ ಕಲ್ಲಿನ ಮೇಲೆ ಬೋರಲಿಟ್ಟರು. ಉತ್ತರ ಅವರಿಗೆ ಸಿಕ್ಕಿತ್ತೆಂದು ಅಲ್ಲಿಂದ ಅಂಗಳಕ್ಕೆ ಬರುವಷ್ಟರಲ್ಲಿ ನನಗೆ ತಿಳಿಯಿತು. ಆದರೆ ಅದನ್ನು ಹೇಗೆ ಹೇಳುತ್ತಾರೆಂದು ನಾನು ಊಹಿಸಿರಲಿಲ್ಲ.

ಮೇಷ್ಟ್ರು ಮಾತು ಮುಗಿಸುವ ಹುರುಪಿನಲ್ಲಿದ್ದರು. ಹೆಂಡತಿ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: ‘ಬ್ಯಾಡ ಬುಡಿ. ಗಾಡಿ ಚೆಂದಾಗೇ ಐತೆ. ಇವಳ ಕಾಲಿಗೆ ಸೀಟು ಎತ್ತರ ಆಯ್ತದೆ.’

ಮಗಳು ಇನ್ನೂ ಅದೇ ಸೀಟಿನ ಮೇಲೆ ಕೂತಿದ್ದಳು.

‘ಎಲ್ಲಿ ಎತ್ತರ ಅಮ್ಮ? ಮೂರು ಸಲ ಕೂತ್ನಲ್ಲ!’

‘ಇವತ್ತು ಹುರುಪಲ್ಲಿ ಕೂತೆ. ದಿನಾ ಆಗಕಿಲ್ಲ. ಸುಮ್ನಿರು.’

‘ಅಮ್ಮ—’

‘ಸುಮ್ನಿರು ಅಂದ್ನಲ್ಲ. ನಿನ್ನ ಕಾಲು ನಿನಗಿಂತ ನಂಗೊತ್ತು.’

ಉಪ್ಪಿಟ್ಟು ತಿಂದ ಮನೆಯ ಮೇಲೆ ಅವರು ತಪ್ಪು ಹೊರಿಸಲಿಲ್ಲ. ಹೊರಿಸಲು ಅವರಿಗೆ ಸಿಕ್ಕಿದ್ದು ಮಗಳ ಕಾಲು. ನಾನು ಹಿತ್ತಲಲ್ಲಿ ಒಂದು ಮಾತು ಹೇಳಿದ್ದರೆ ದಾರಿಯಲ್ಲಿ ಗಂಡನಿಗೂ ಮಗಳಿಗೂ ನಿಜ ಹೇಳಿಕೊಳ್ಳುತ್ತಿದ್ದರು, ಇಲ್ಲಿ ‘ಯೋಚನೆ ಮಾಡಿ ಹೇಳ್ತೀವಿ’ ಎಂದರೆ ಮುಗಿಯುತ್ತಿತ್ತು. ನಾನು ಏನೂ ಹೇಳಲಿಲ್ಲವಾದ್ದರಿಂದ ಅವರ ಬಳಿ ಇದ್ದದ್ದು ಬರೀ ಅನುಮಾನ. ಅನುಮಾನವನ್ನು ಆಡಿದರೆ ಜಗಳ. ಹುಡುಗಿ ತಲೆ ತಗ್ಗಿಸಿ ಕ್ಯಾಲಿಪರಿನ ಬೆಲ್ಟನ್ನು ಬಿಗಿಮಾಡಿಕೊಳ್ಳುತ್ತಿದ್ದಳು. ಅದು ಸಡಿಲವಾಗಿರಲಿಲ್ಲ.

ಅಣ್ಣನಿಗೆ ಏನು ಹೊಳೆಯಿತೋ, ‘ಬಿಸಿಲು, ಸ್ಟಾಪಿಗೆ ಬಿಟ್ಟು ಬತ್ತೀನಿ ಹತ್ತಿ,’ ಎಂದ. ಬೇಡವೆನ್ನಲು ಅವರಿಗೆ ಆಗಲಿಲ್ಲ. ಮೇಷ್ಟ್ರು ಮುಂದೆ ಕೂತರು. ನಾನೂ ಹೊರಟೆ, ಯಾಕೆಂದು ನನಗೇ ಸ್ಪಷ್ಟವಿರಲಿಲ್ಲ. ಹಿಂದೆ ತಾಯಿ, ಮಗಳು, ನಾನು. ದಾರಿ ಪೂರ್ತಿ ಕಿಟಕಿ ತೆಗೆದಿತ್ತು. ನಮ್ಮ ಮೂವರ ಕಾಲೂ ಆ ಹಾಸಿನ ಮೇಲೆ.

ಸ್ಟಾಪಿನಲ್ಲಿ ಹುಡುಗಿ ಯಾರ ನೆರವೂ ಇಲ್ಲದೆ ಇಳಿದಳು. ಸೀಟಿನಿಂದ ಜಾರಿ, ಕಾಲು ನೆಲಕ್ಕೆ ಊರಿ, ನೆಟ್ಟಗೆ ನಿಂತಳು. ನಾವೆಲ್ಲ ಅದನ್ನು ನೋಡಿದೆವು, ನೋಡದಂತೆ ಇದ್ದೆವು. ಅವಳ ತಾಯಿ ಅಂಗಡಿಯಲ್ಲಿ ಎಲೆಯಡಿಕೆ ಕೊಳ್ಳಲು ಹೋದರು. ಅಣ್ಣ, ಮೇಷ್ಟ್ರು ಮರದಡಿ ನಿಂತು ಕೊಬ್ಬರಿ ಮಾರುಕಟ್ಟೆಯ ಮಾತಾಡುತ್ತಿದ್ದರು.

ಆಗ ನಾನು ಅವಳಿಗೆ ಹೇಳಿದೆ. ‘ಸೀಟು ಎತ್ತರ ಇಲ್ಲ. ಗಾಡಿ ನೀರಲ್ಲಿ ಮುಳುಗಿತ್ತು. ಎರಡು ಸಲ ದಾರೀಲಿ ನಿಂತಿದೆ.’

ವ್ಯಾಪಾರ ಮುರಿದ ಮೇಲೆ ಹೇಳಿದೆ, ಅಣ್ಣನಿಗೆ ಕೇಳದಂತೆ ಹೇಳಿದೆ. ಇದಕ್ಕೆ ಧೈರ್ಯ ಬೇಕಿರಲಿಲ್ಲ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಅಮ್ಮ ನನ್ನ ಕಾಲು ಮುಂದೆ ತಂದಾಗಲೇ ಅನ್ಕೊಂಡೆ, ಏನೋ ಇದೆ ಅಂತ. ಬೇಡದ ಮದುವೆಗೆ ಹೋಗದಿರೋಕೂ ನನ್ನ ಕಾಲೇ, ಬೇಡದ ನೆಂಟರು ಬರಬಾರದು ಅಂದ್ರೂ ನನ್ನ ಕಾಲೇ. ಅಷ್ಟು ಕೆಲಸ ಮಾಡೋ ಕಾಲು ಇನ್ಯಾರಿಗೂ ಇಲ್ಲ ಕಣ್ರೀ.’ ನಕ್ಕಳು. ಆಮೇಲೆ ಗಾಡಿಯ ಕಡೆ ನೋಡಿದಳು. ‘ಆದರೆ ಇದರಲ್ಲಿ ಚೆನ್ನಾಗಿ ಕೂತ್ಕೋಬಹುದಿತ್ತು.’

ಗಾಡಿಯ ತೆರೆದಿದ್ದ ಬಾಗಿಲನ್ನು ನಾನು ಮುಚ್ಚಿದೆ.

‘ಮುಂದೆ ಯಾರಾದ್ರೂ ನೋಡಕ್ಕೆ ಬಂದ್ರೆ ಮೊದಲೇ ಹೇಳ್ತೀರಾ?’

‘ಹೇಳ್ತೀನಿ,’ ಎಂದೆ.

ಬಸ್ಸು ಬಂತು. ಮೇಷ್ಟ್ರು ಮೇಲಿನಿಂದ ಎರಡೂ ಕೈ ಹಿಡಿದರು, ತಾಯಿ ಕೆಳಗಿನಿಂದ ಕಾಲೆತ್ತಿ ಮೆಟ್ಟಿಲ ಮೇಲಿಟ್ಟರು. ಒಳಗಿನಿಂದ ಯಾರೋ ‘ಬೇಗ ಬೇಗ’ ಎಂದರು. ಅಣ್ಣ ಗಾಡಿಗೆ ಒರಗಿ ನಿಂತು ನೋಡಿದ. ಮನೆಗೆ ಬರುವಾಗ, ‘ಆ ಯಮ್ಮನಿಗೆ ಗೊತ್ತಾಯ್ತು ಅಲ್ವೇನೇ?’ ಎಂದು ಕೇಳಿದ. ಹೂಂ ಎಂದೆ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಹದಿನೈದು ದಿನದ ಮೇಲೆ ಇನ್ನೊಬ್ಬರು ಬರುವವರಿದ್ದರು, ಚಿಕ್ಕನಾಯಕನಹಳ್ಳಿ ಕಡೆಯವರು. ಹಿಂದಿನ ದಿನವೇ ಅಣ್ಣ ಹೇಳಿದ್ದ. ಅವರು ಯಾರು, ಗಾಡಿ ಯಾರಿಗೆ, ಯಾತಕ್ಕೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಅಂಕಪಟ್ಟಿಗಳನ್ನು ಬ್ಯಾಗಿಗೆ ಹಾಕಿಕೊಂಡು, ತಿಪಟೂರಿಗೆ ಹೋಗಿ ಜೆರಾಕ್ಸ್ ಮಾಡಿಸಿ ಬರುತ್ತೇನೆಂದು ಅವ್ವನಿಗೆ ಹೇಳಿ ಮೊದಲ ಬಸ್ಸಿಗೇ ಹೊರಟೆ. ಜೆರಾಕ್ಸ್ ಹತ್ತು ನಿಮಿಷದ ಕೆಲಸ. ಮುಗಿದ ಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಊರಿಗೆ ಹೋಗುವ ಬಸ್ಸುಗಳು ಒಂದಾದ ಮೇಲೊಂದು ಬಂದು ಹೊರಟವು. ಸಂಜೆಯ ಬಸ್ಸು ಬರುವವರೆಗೂ ನಾನು ಏಳಲಿಲ್ಲ.