ಹಗೇವಿನಲ್ಲಿ ಹೂತ ತಂತಿ

ನಾನು ಚಿಕ್ಕವನಿದ್ದಾಗ ಸವಣೂರಿನ ನಮ್ಮ ಓಣಿಗೆಲ್ಲ ಒಂದೇ ರೇಡಿಯೋ. ಅದು ನಮ್ಮ ಮನೆಯಲ್ಲಿತ್ತು. ಕರೆಂಟ್ ಇನ್ನೂ ಬಂದಿರಲಿಲ್ಲ, ಬ್ಯಾಟರಿಯ ಮೇಲೆ ಹಾಡುತ್ತಿತ್ತು. ಹುಬ್ಬಳ್ಳಿಯ ಮಿಸ್ತ್ರಿ ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ತಂತಿ ಎಳೆದ. ತಾಮ್ರದ ತಗಡು ಬೆಸೆದ ಇನ್ನೊಂದು ತಂತಿ ಕೊಟ್ಟು, ಇದನ್ನು ಆಳವಾಗಿ ಹಸಿ ಮಣ್ಣಿನಲ್ಲಿ ಹೂಳಬೇಕು, ಮೋಡ ಕಂಡ ಕೂಡಲೇ ಎರಡೂ ತಂತಿ ಕೂಡಿಸಬೇಕು, ಆಗ ಸಿಡಿಲು ನೆಲಕ್ಕಿಳಿಯುತ್ತದೆ ಎಂದು ಹೇಳಿ, ಯಲವಿಗಿಯಲ್ಲಿ ರೈಲು ಹಿಡಿಯಲು ಹೊರಟುಬಿಟ್ಟ.

ನಮ್ಮಲ್ಲಿ ಸದಾ ಹಸಿಯಿರುತ್ತಿದ್ದುದು ಬಚ್ಚಲ ಹಿಂದಿನ ನೆಲ. ಕೆಸುವಿನ ಎಲೆ, ಸೀಗೆಕಾಯಿ ನೊರೆಯ ವಾಸನೆ. ಅಲ್ಲೇ ಹೂಳೋಣ ಎಂದಳು ಹದಿಮೂರು ವರ್ಷದ ಅಕ್ಕ. ಅಪ್ಪ ಕೆಂಡವಾದ.

"ಶರಣರ ವಚನಾ ಹಾಡೋ ಪೆಟ್ಟಿಗಿಗೆ ಬಚ್ಚಲ ನೀರ ಕುಡಸಂತಿಯೇನ? ಸುಮ್ನ ಕುಂದ್ರು."

ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಅದು ಲಕ್ಷ್ಮಿಯ ಜಾಗ ಎಂದು, ಬರಿದಾಗಿದ್ದ ನಮ್ಮ ಹಗೇವಿನ ತಳದಲ್ಲಿ ಅಪ್ಪ ತಗಡು ಹೂತ. ಕಾಳು ಮುಗ್ಗಬಾರದೆಂದು ವರ್ಷವಿಡೀ ಒಣಗಿಸಿಟ್ಟ ಗುಂಡಿ ಅದು!

"ಆಳ ಐತಿ ಖರೇ ಅಪ್ಪಾ, ಹಸಿ ಇಲ್ಲ," ಎಂದಳು ಅಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಕೇಳುತ್ತಾನೆಯೇ? ಹಗೇವಿನ ಬಾಯಲ್ಲಿ ನಿಂತು ನೋಡುತ್ತಿದ್ದ ನನಗೂ ಅಕ್ಕನ ಮಾತೇ ಸರಿ ಅನಿಸಿತ್ತು. ಆದರೂ ಬಾಯಿ ಬಿಡಲಿಲ್ಲ.

ಮೊದಲ ಮಳೆಯ ದಿನ ಅಪ್ಪ ಸಂತೆಗೆ ಹೋಗಿದ್ದ. ಮೋಡ ಕವಿಯಿತು, ಮಣ್ಣಿನ ವಾಸನೆ ಬಂತು. ಅಕ್ಕ ಓಡಿಹೋಗಿ ತಂತಿ ಕೂಡಿಸಿದಳು. ಕೈ ತೆಗೆಯುವಷ್ಟರಲ್ಲಿ ಬಿದಿರಿಗೆ ಸಿಡಿಲು ಬಡಿಯಿತು. ಮನೆಯೆಲ್ಲ ಸುಟ್ಟ ವಾಸನೆ. ಅಕ್ಕನ ಬಲಗೈ ಕಪ್ಪಾಗಿತ್ತು. ಮೂರು ಬೆರಳು ಮತ್ತೆಂದೂ ನೆಟ್ಟಗಾಗಲಿಲ್ಲ, ಆ ಕೈ ಮತ್ತೆ ರೊಟ್ಟಿ ಬಡಿಯಲಿಲ್ಲ.

ಮಿಸ್ತ್ರಿ ಬಂದು ಅಗೆದಾಗ ತಗಡಿಗೆ ಅಂಟಿದ್ದು ಬರೀ ಒಣ ಹೊಟ್ಟು. ಅವನು ತಗಡನ್ನು ಬಚ್ಚಲ ಹಿಂದೆ ಹೂತು ಹೊರಟುಹೋದ. ಅಪ್ಪ ಮಾತ್ರ ಬಂದವರಿಗೆಲ್ಲ, ಹುಡುಗಿ ಮುಟ್ಟಬಾರದ್ದನ್ನು ಮುಟ್ಟಿದಳು ಎನ್ನುತ್ತಿದ್ದ. ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಟಿವಿ ಇದೆ, ಗುಂಡಿ ಒತ್ತಿದರೆ ಬೆಳಕು. ಮೊನ್ನೆ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸುವಾಗ ನಿಮ್ಮಲ್ಲಿ ಚಿಕ್ಕವಳು, ನೆಲದ ತಂತಿ ಎಲ್ಲಿ ಎಂದು ಕೇಳಿದಳು. ನಿಮ್ಮಪ್ಪ "ಸುಮ್ನ ಕುಂದ್ರು" ಅಂದ. ಆಗ ನಾನು ಕೂಗಾಡಿದ್ದು ಕೇಳಿ ನೀವೆಲ್ಲ ಹೆದರಿದಿರಿ. ಆ ಕೂಗನ್ನು ನಾನು ಹಗೇವಿನ ಬಾಯಲ್ಲಿ ನಿಂತಿದ್ದಾಗಲೇ ಕೂಗಬೇಕಿತ್ತು.