ರೈಸ್ ಮಿಲ್ ಗೋಡೆಯ ಮೂರನೆಯ ಹೆಂಗಸು

ಗಂಗಾವತಿಯ ಹಳೆಯ ರೈಸ್ ಮಿಲ್ಲಿನ ಎದುರು, ಚಹಾದಂಗಡಿಯ ತಗಡಿನ ನೆರಳಿನ ಅಂಚಿಗೆ, ಗೋಡೆಯಿಂದ ಒಂಬತ್ತು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಸೋಮವಾರ, ಬೆಳಿಗ್ಗೆ ಎಂಟೂಕಾಲು. ಹನ್ನೆರಡಕ್ಕೆ ಆ ಗೋಡೆಯನ್ನು ಕೆಡವುವವರಿದ್ದರು.

ಗೋಡೆಯ ಮೇಲೆ ಭತ್ತ ನಾಟಿ ಮಾಡುವ ಮೂವರು ಹೆಂಗಸರ ಚಿತ್ರವಿತ್ತು. ಬರೆದವರು ಬೋರ್ಡು ಬರೆಯುವ ಪೇಂಟರು, ಎಪ್ಪತ್ತರ ಹತ್ತಿರದವರು. ಬರೆದ ವರ್ಷವೇ ಅದರ ಮೇಲೆ ಜಾಹೀರಾತಿನ ಚೀಟಿಗಳು ಬಿದ್ದು, ಚಿತ್ರವಿದೆ ಎಂಬುದೇ ಜನಕ್ಕೆ ಮರೆತುಹೋಗಿತ್ತು. ಹಿಂದಿನ ಸಂಜೆ ಅವರೇ ನೀರು ಹೊಡೆದು ಚೀಟಿಗಳನ್ನು ಕೆರೆದು ತೆಗೆದಿದ್ದರು. ಮೂರನೆಯ ಹೆಂಗಸು ಅವರ ಹೆಂಡತಿ. ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷದ ಪೂಜೆಗೆ ಇಡಲು ಫೋಟೋ ಇರಲಿಲ್ಲ.

“ಆಧಾರ್ ಕಾರ್ಡಿನ್ಯಾಗ ಒಂದು ಐತ್ರಿ. ಅದರಾಗ ಯಾರನ್ನೋ ಹಿಡದು ಕುಂದ್ರಿಸಿದಂಗ ಕಾಣತಾಳ. ಇಕಿ ಖರೇ ನಮ್ಮಾಕಿ,” ಎಂದರು.

ಕುಷ್ಟಗಿ, ಯಲಬುರ್ಗಾ ಎಂದು ಸುತ್ತಿ ಗೋಡೆಯ ಚಿತ್ರಗಳನ್ನು ಹಳೆಯ ರೀಲಿನ ಕ್ಯಾಮೆರಾದಲ್ಲಿ ತೆಗೆಯುವವನು ನಾನು. ಅದಕ್ಕೇ ಕರೆಸಿದ್ದರು.

ಚಹಾದಂಗಡಿಯ ಅಕ್ಕ ಮೊಬೈಲು ಎತ್ತಿದಳು. “ನಾನೂ ಒಂದು ಹೊಡೀಲೇನ್ರಿ?”

“ಬ್ಯಾಡ ಬಿಡಕ್ಕಾ. ಮೊಬೈಲ್‌ದಾಗ ಮಾರಿ ಬೆಳ್ಳಗ ಹೊಡಿತೈತಿ. ಇದರಾಗ ಛಲೋ ಬರ್ತೈತಿ,” ಎಂದೆ.

“ಆತು ಬಿಡ್ರಿ, ನಿಮ್ಮ ಕ್ಯಾಮೆರಾ ನನಗಿಂತ ಹಿರೇದು. ಹಿರ್ಯಾರ ಮುಂದ ನಂದೇನು?” ಎಂದು ನಕ್ಕು, ಮೊಬೈಲನ್ನು ಸಕ್ಕರೆ ಡಬ್ಬಿಯ ಮೇಲಿಟ್ಟಳು.

ಹನ್ನೆರಡು ಫೋಟೋ ತೆಗೆದೆ. ಏಳು ಬರೀ ಆ ಮುಖದವು.

ರೀಲಿನ ತುದಿಯನ್ನು ಬಲಗಡೆಯ ಉರುಳೆಗೆ ಸಿಕ್ಕಿಸಬೇಕು. ಅದು ಹಿಡಿದಿದ್ದರೆ, ಪ್ರತಿ ಸಲ ಸರಿಸಿದಾಗಲೂ ಎಡಗಡೆಯ ಗುಂಡಿ ತಿರುಗುತ್ತದೆ. ಅದನ್ನು ನೋಡದೆ ನಾನೆಂದೂ ಮೊದಲ ಫೋಟೋ ತೆಗೆದವನಲ್ಲ. ಅಂದು ಹಿಟ್ನಾಳದ ಹತ್ತಿರ, ಕುಲುಕುವ ಬಸ್ಸಿನಲ್ಲಿ ರೀಲು ಹಾಕಿದ್ದೆ. ಗುಂಡಿಯನ್ನು ನೋಡಲಿಲ್ಲ, ಎಷ್ಟನೆಯ ಫೋಟೋ ಎಂದು ತೋರಿಸುವ ಅಂಕಿಯನ್ನಷ್ಟೇ ನೋಡಿದೆ. ರೀಲು ಸರಿಯದಿದ್ದರೂ ಅಂಕಿ ಸರಿಯುತ್ತದೆ.

ಕೊಪ್ಪಳದ ಮನೆಯಲ್ಲಿ ಒಂದೂವರೆಗೆ ರೀಲನ್ನು ಮರಳಿ ಸುತ್ತಲು ಹೋದೆ. ಅರ್ಧ ಸುತ್ತಿಗೇ ಗುಂಡಿ ಸಡಿಲವಾಯಿತು. ರೀಲು ಸರಿದೇ ಇರಲಿಲ್ಲ, ಒಂದು ಫೋಟೋವೂ ಬಂದಿರಲಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಮತ್ತೆ ಬಸ್ಸು ಹತ್ತಿದೆ. ನಾನು ತಲುಪಿದಾಗ ಇಟ್ಟಿಗೆಗಳು ಟ್ರ್ಯಾಕ್ಟರಿನಲ್ಲಿದ್ದವು.

ಚಹಾದಂಗಡಿಯಲ್ಲಿ ಕೂತಿದ್ದ ಪೇಂಟರ ಪಕ್ಕ ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎದ್ದು ಬರಬಹುದಿತ್ತು. ಚೀಲದಿಂದ ಹಾಳೆ, ಪೆನ್ಸಿಲು ತೆಗೆದು ಹೇಳಿದರು: “ಚೀಟಿ ಕೆರದ ಮ್ಯಾಲೆ ನಾ ಆಕಿ ಮಾರಿ ನೆಟ್ಟಗ ನೋಡೇ ಇಲ್ರಿ. ಕಣ್ಣಾಗ ನೀರು ಬರತಿತ್ತು. ನೀವು ನೋಡೀರಿ. ಹೇಳ್ರಿ, ಬರೀತೀನಿ.”

ಒಂದು ಕಣ್ಣು ಮುಚ್ಚಿ ಆ ಮುಖವನ್ನೇ ನೋಡಿದವನು ನಾನು. ತುಟಿ ತುಸು ತೆರೆದಿತ್ತು ಎಂದೆ. ಎಡಗೆನ್ನೆಯಲ್ಲಿ ಕೆಸರಿನ ಎರಡು ಚುಕ್ಕೆಗಳಿದ್ದವು. ಬಲಹುಬ್ಬು ಎತ್ತರವಿತ್ತೋ ಎಡಹುಬ್ಬೋ, ಹೇಳಲಾಗಲಿಲ್ಲ.

“ಮೂಗು ಉದ್ದಾತು ಕಾಕಾ, ನಿಂದ ಹಚ್ಚೀಯೇನು ಕಾಕಿಗೆ?” ಎಂದಳು ಅಕ್ಕ. ಅವರು ನಕ್ಕರು, ಅಳಿಸಿದರು. ಮತ್ತೆ ಬರೆದರು. ನಾಲ್ಕನೆಯ ಹಾಳೆಯೂ ಅವಳಾಗಲಿಲ್ಲ.

ವರ್ಷದ ಪೂಜೆಗೆ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಇಟ್ಟರು.

ಅಂದು ಗೋಡೆಯ ಮೇಲಿನ ಆ ಮುಖದ ಎದುರು ನಿಂತವರು ನಾಲ್ವರು. ಕೆಡವಲು ಬಂದ ಮೇಸ್ತ್ರಿ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ಪೇಂಟರು ಇದ್ದಾರೆ, ಚಹಾದಂಗಡಿಯ ಅಕ್ಕ ಇದ್ದಾಳೆ, ನಾನಿದ್ದೇನೆ.